ಅನಾರೋಗ್ಯದ ನಿಮಿತ್ತ ಬಿಡುಗಡೆ

3 ಫೆಬ್ರವರಿ 1959, ಮಂಗಳವಾರ

ಮತ್ತೆ ಪಂಕ್ಚರ್. ಹೆಬ್ಬಾಳದ ಕೆರೆ ಏರಿಯ ಮೇಲೆ. ಗಂಗೇನಹಳ್ಳಿಯವರೆಗೂ ಸೈಕಲ್ ತಳ್ಳಿದೆ. ಜೈಲು ಇಲಾಖೆಯ ಆಫೀಸು ಮುಟ್ಟಿದಾಗ ಹನ್ನೊಂದು. ಹಾಜರಿ ಪುಸ್ತಕದಲ್ಲಿ ಆಗಲೇ ಕೆಂಪು ಗೆರೆ. ಮ್ಯಾನೇಜರ್ ನರಸಿಂಹಯ್ಯನವರು ಕನ್ನಡಕದ ಮೇಲಿಂದ ನೋಡಿದರು. ಬೈಯಲಿಲ್ಲ.

ಜೈಲುಗಳ ವಾರ್ಷಿಕ ವರದಿಯ ಕೆಲಸ ಶುರುವಾಗಿದೆ. ಈ ಸಲ ಹೊಸ ಸರ್ಕ್ಯುಲರ್. ವರದಿ ಕನ್ನಡದಲ್ಲೂ ಅಚ್ಚಾಗಬೇಕು. ಶಾಸನ ಸಭೆಯ ಮುಂದೆ ಇಡಬೇಕು. ಯಾರು ಬೇಕಾದರೂ ತರಿಸಿಕೊಂಡು ಓದಬಹುದು. ಯಾವ ಜೈಲಿನಲ್ಲಿ ಎಷ್ಟು ಜನ ಸತ್ತರು, ಯಾವ ಕಾಯಿಲೆಯಿಂದ — ಎಲ್ಲ ಇರಬೇಕು. ಒಂದೇ ಜೈಲಿನಲ್ಲಿ ಆರಕ್ಕಿಂತ ಹೆಚ್ಚು ಸಾವಾದರೆ ಹೊರಗಿನ ಡಾಕ್ಟರು ಬಂದು ವಿಚಾರಣೆ ಮಾಡಬೇಕು.

ಕನ್ನಡದ ಪ್ರತಿ ಬರೆಯುವುದು ನಾನು. "ನಿನ್ನ ಅಕ್ಷರ ದುಂಡಗಿದೆ ಮುನಿಶಾಮಪ್ಪ, ನೀನೇ ಬರಿ" ಎಂದರು ನರಸಿಂಹಯ್ಯನವರು.

ಸಂಜೆ ಮನೆಯಲ್ಲಿ ಹೆಂಡತಿ ಗಂಗರತ್ನಮ್ಮನಿಗೆ ಹೇಳಿದೆ. "ನಿಮ್ ಹೆಸ್ರು ಹಾಕ್ತಾರಾ?" ಎಂದಳು. ಇಲ್ಲ ಎಂದೆ. "ಮತ್ಯಾಕಿಷ್ಟು ನಗ್ತಿದೀರಿ?"

ನಕ್ಕಿದ್ದು ನನಗೇ ಗೊತ್ತಿರಲಿಲ್ಲ. ನಮ್ಮೂರು ಕೆಂಪಾಪುರದಲ್ಲಿ ರಾಗಿ ಹೊಲ ಬಿಟ್ಟು ಗುಮಾಸ್ತೆಯಾದವನು ನಾನೊಬ್ಬನೇ. ನಾನು ಬರೆದದ್ದನ್ನು ಮಂತ್ರಿಗಳು ಕೈಯಲ್ಲಿ ಹಿಡಿಯುತ್ತಾರೆ...

12 ಫೆಬ್ರವರಿ, ಗುರುವಾರ

ಎಲ್ಲ ಜೈಲುಗಳ ಪಟ್ಟಿ ಬಂದಿದೆ. ಯಲಹಂಕದಾಚೆ ತೋಪಿನ ಜೈಲಿನದು ಕೊನೆಗೆ ಬಂತು. ಕಳೆದ ನವೆಂಬರಿನಲ್ಲಿ ಅಲ್ಲಿ ವಾಂತಿಭೇದಿ ಎದ್ದಿತ್ತು. ಬಾವಿಯ ನೀರು ಕೆಟ್ಟಿತ್ತಂತೆ. ಬಾವಿ ಮುಚ್ಚಿಸಿ ಎಂದು ಜೈಲಿನಿಂದ ಮೂರು ಸಲ ಕಾಗದ ಬಂದಿತ್ತು, ನಮ್ಮ ಆಫೀಸಿನ ಫೈಲಿನಲ್ಲೇ ಇದೆ. ಯಾರೂ ಉತ್ತರ ಕೊಟ್ಟಿಲ್ಲ.

ಸತ್ತವರು ಏಳು ಜನ. ಕಾಯಿಲೆ ಹರಡುತ್ತದೆಂದು ಜೈಲಿನ ಹಿಂದೆಯೇ ಹೂತಿದ್ದಾರೆ. ಅಂದಿನಿಂದ ನೋಡಲು ಬರುವವರಿಗೂ ಬಾಗಿಲು ಮುಚ್ಚಿದೆ. ಮನೆಗಳಿಗೆ ತಿಳಿಸುವ ಬಗ್ಗೆ ನಮ್ಮ ಅಪ್ಪಣೆ ಕೇಳಿ ಬರೆದಿದ್ದಾರೆ. ಅದಕ್ಕೂ ಉತ್ತರ ಹೋಗಿಲ್ಲ.

ಏಳು ಹೆಸರನ್ನೂ ದುಂಡಗೆ ಬರೆದೆ. ಒಬ್ಬ ಸೊಣ್ಣಪ್ಪ, ಕೋಗಿಲು ಗ್ರಾಮ, ವಯಸ್ಸು 31. ಕೋಗಿಲು ನಮಗೆ ಪಕ್ಕದ ಊರು. ಗಂಗರತ್ನಮ್ಮನ ಚಿಕ್ಕಮ್ಮನ ಮನೆ ಅಲ್ಲೇ. ಆತ ಯಾರೋ, ನನಗೆ ಗೊತ್ತಿಲ್ಲ.

17 ಫೆಬ್ರವರಿ, ಮಂಗಳವಾರ

ಪಟ್ಟಿ ವಾಪಸ್ ಬಂತು. ನೀಲಿ ಪೆನ್ಸಿಲ್. ಏಳರಲ್ಲಿ ಮೂರು ಹೆಸರು ಹೊಡೆದಿದೆ — ಸೊಣ್ಣಪ್ಪ, ದೊಡ್ಡಮುನಿಯಪ್ಪ, ದಾಸಪ್ಪ. ಪಕ್ಕದಲ್ಲಿ, "ಅನಾರೋಗ್ಯದ ನಿಮಿತ್ತ ಬಿಡುಗಡೆ".

ನರಸಿಂಹಯ್ಯನವರನ್ನು ಕೇಳಿದೆ. ಇವರು ಸತ್ತಿದ್ದಾರಲ್ಲ ಸಾರ್?

"ಸಾಯೋ ಹಿಂದಿನ ದಿನ ಬಿಡುಗಡೆ ಆರ್ಡರ್ ಆಗಿದೆ ಕಣಯ್ಯ. ಜಡ್ಡಾದವ್ರನ್ನ ಬಿಡಬಹುದು ಅಂತ ರೂಲ್ ಇದೆ. ಕಾಗದದ ಮೇಲೆ ಅವ್ರು ಕೈದಿಗಳಲ್ಲ. ಕೈದಿಗಳಲ್ಲದೋರು ನಮ್ಮ ಲೆಕ್ಕಕ್ಕೆ ಬರಲ್ಲ."

ಆರ್ಡರ್ ಯಾವತ್ತಿನದು ಎಂದೆ. ಆರ್ಡರಿನ ಕಾಗದ ಮೇಜಿನ ಮೇಲೇ ಇತ್ತು. ತಾರೀಖು ನವೆಂಬರ್. ಇಂಕು ಇನ್ನೂ ಹಸಿ ಹಸಿ.

"ಹೋದ ವರ್ಷ ಆ ಜೈಲಲ್ಲಿ ಐದು ಸಾವು. ಈ ವರ್ಷ ನಾಲ್ಕು ಅಂದ್ರೆ ಯಾರೂ ಏನೂ ಕೇಳಲ್ಲ. ಏಳು ಅಂದ್ರೆ ವಿಚಾರಣೆ, ಬಾವಿ ಫೈಲು, ನಾನು, ನೀನು, ಎಲ್ರೂ. ನನಗಿನ್ನು ಹದಿನಾಲ್ಕು ತಿಂಗಳು ಸರ್ವೀಸು." ಪಟ್ಟಿಯನ್ನು ನನ್ನ ಕಡೆ ತಳ್ಳಿ, "ಬರಿ, ಹೋಗು" ಎಂದರು. ಮೆಲ್ಲಗೇ ಹೇಳಿದರು. ಜೋರು ಮಾಡಿದ್ದರೆ ಎದುರು ಮಾತಾಡುತ್ತಿದ್ದೆನೋ ಏನೋ. ಸುಳ್ಳು. ಆಡುತ್ತಿರಲಿಲ್ಲ.

18 ಫೆಬ್ರವರಿ

ಬರೆದೆ. ಮರಣ ನಾಲ್ಕು. ಅನಾರೋಗ್ಯದ ನಿಮಿತ್ತ ಬಿಡುಗಡೆ ಮೂರು. ಬಿಡುಗಡೆಯಾದವರ ಹೆಸರು ವರದಿಯಲ್ಲಿ ಬರೆಯಬೇಕಾಗಿಲ್ಲ, ಸಂಖ್ಯೆ ಸಾಕು. ಸತ್ತ ನಾಲ್ವರ ಮನೆಗೆ ಮಾತ್ರ ತಿಳಿಸಲು ಜೈಲಿಗೆ ಅಪ್ಪಣೆ ಹೋಯಿತು. ಮೊದಲಿನ ಪಟ್ಟಿ, ಜೈಲಿನಿಂದ ಬಂದದ್ದೂ ಸೇರಿ, ಹರಿದು ಒಲೆಗೆ ಹಾಕಬೇಕೆಂದರು. ಜವಾನನ ಚಹಾದ ಒಲೆ. ನಾನೇ ಹಾಕಿದೆ.

ಅಕ್ಷರ ಎಂದಿಗಿಂತ ದುಂಡಗೆ ಬಂದಿತ್ತು.

26 ಮಾರ್ಚ್

ವರದಿ ಪ್ರೆಸ್ಸಿಗೆ ಹೋಯಿತು. ತಲೆನೋವು. ಬೇರೇನಿಲ್ಲ.

12 ಏಪ್ರಿಲ್, ಭಾನುವಾರ

ಯುಗಾದಿ ಕಳೆಯಿತು. ಗಂಗರತ್ನಮ್ಮನ ಚಿಕ್ಕಮ್ಮನ ಮನೆಗೆ ಕೋಗಿಲಿಗೆ ಹೋಗಿದ್ದೆವು. ಊಟವಾಗಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆ. ಒಬ್ಬ ಹೆಂಗಸು ಬಂದು ಕಂಬದ ಪಕ್ಕ ನಿಂತಳು. ಇಪ್ಪತ್ತೈದು ಇರಬಹುದು. ಹಣೆ ತುಂಬ ಕುಂಕುಮ.

"ಅಣ್ಣಾ, ನೀವು ಜೈಲಾಪೀಸ್ನಾಗೆ ಇರೋರಂತೆ."

ಹೌದಮ್ಮ ಎಂದೆ.

"ನಮ್ಮೆಜಮಾನ್ರು ತೋಪಿನ ಜೈಲ್ನಾಗಿದ್ರು. ಕೆರೆ ತೂಬಿನ ಜಗಳದಾಗೆ ಎಲ್ಡು ವರ್ಸ ಆಗಿತ್ತು. ಸಿವರಾತ್ರಿ ಆದ್ಮೇಲೆ ಬಾಗ್ಲು ತೆಗ್ದವ್ರೆ ಅಂದ್ರು, ರೊಟ್ಟಿ ಕಟ್ಕೊಂಡು ಓದೆ. ಅವ್ನು ನವಂಬರ್ನಾಗೇ ಬಿಡುಗಡೆ ಆಗವ್ನೆ ಓಗಮ್ಮ, ಅಂದ್ರು. ಮನೇಗೆ ಬಂದಿಲ್ಲ ಅಣ್ಣ. ಐದು ತಿಂಗ್ಳಾಯ್ತು. ಯಾವ ಕಡೀಗೆ ಓದ್ರು ಅಂತ ನಿಮ್ ಪುಸ್ತಕದಾಗೆ ಬರ್ದಿರ್ತಾರಲ್ಲ, ನೋಡಿ ಯೋಳಣ್ಣ."

ಹೆಸರೇನು ಎಂದು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ಗಂಡನ ಹೆಸರು ಹೇಳಲು ನಾಚಿದಳು. ಚಿಕ್ಕಮ್ಮನೇ ಒಳಗಿಂದ ಕೂಗಿದರು — ಸೊಣ್ಣಪ್ಪ ಕಣಪ್ಪ, ಇವ್ಳು ದ್ರೌಪದಮ್ಮ.

ಬಾಯಲ್ಲಿ ಎಲೆ ಅಡಿಕೆ ಇತ್ತು. ಅದನ್ನು ಉಗುಳಲು ಎದ್ದೆ. ಹಿತ್ತಲಲ್ಲಿ ತುಂಬ ಹೊತ್ತು ನಿಂತೆ. ವಾಪಸ್ ಬಂದು ಹೇಳಿದೆ, "ನೋಡ್ತೀನಮ್ಮ."

14 ಮೇ, ಗುರುವಾರ

ತೋಪಿನ ಜೈಲಿನ ಕಾಂಪೌಂಡರ್ ಮನ್ಸೂರ್ ಔಷಧದ ರಿಜಿಸ್ಟರ್ ಕೊಡಲು ಬಂದಿದ್ದ. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಸೊಣ್ಣಪ್ಪ ಅಂತ ಒಬ್ಬ ಇದ್ದನಾ ಎಂದೆ. ಲೋಟ ಕೆಳಗಿಟ್ಟ.

"ಹದಿನಾಲ್ಕನೇ ತಾರೀಖು ಸಾರ್, ಬೆಳಿಗ್ಗೆ. ದೀಪಾವಳಿ ಆಗಿ ಮೂರ್ನೇ ದಿನ. ನನ್ ಕೈ ಹಿಡ್ಕೊಂಡೇ ಹೋದ. ಮನೇಲಿ ಹೇಳ್ಬಿಡಿ, ನಾನು ಬರ್ಬೇಕು ಅಂತಾನೇ ಇದ್ದೆ ಅಂತ ಹೇಳ್ಬಿಡಿ ಅಂದ. ನಾನು ಎಲ್ ಹೇಳ್ಲಿ? ಹೊರಗೆ ಬಾಯಿ ಬಿಟ್ರೆ ಕೆಲ್ಸ ಹೋಗುತ್ತೆ ಅಂದವ್ರೆ." ನನ್ನ ಮುಖ ನೋಡಿದ. "ಆಫೀಸಿನಿಂದ ಅವ್ರ ಮನೇಗೆ ಕಾಗದ ಹೋಯ್ತಲ್ಲ ಸಾರ್?"

ಹೋಯಿತು ಎಂದೆ. ಯಾಕೆ ಹಾಗಂದೆ? ಅವನಿಗಾದರೂ ನೆಮ್ಮದಿ ಇರಲಿ ಎಂದೋ. ಮುಂದಿನ ಪ್ರಶ್ನೆ ಬರದಿರಲಿ ಎಂದೋ.

21 ಜೂನ್, ಭಾನುವಾರ

ದ್ರೌಪದಮ್ಮ ಮನೆಗೇ ಬಂದಿದ್ದಳು. ಕೋಗಿಲಿನಿಂದ ನಡೆದು. ಮಡಿಲಲ್ಲಿ ಸೀಬೆಹಣ್ಣು ತಂದಿದ್ದಳು. ಗಂಗರತ್ನಮ್ಮ ಮಜ್ಜಿಗೆ ಕೊಟ್ಟಳು.

ಅತ್ತೆ ಮನೆಯಿಂದ ಹೊರಗೆ ಹಾಕಿದ್ದಾರಂತೆ. ಜೈಲಿಗೆ ಹೋಗುವ ಮುಂಚೆ ಗಂಡ ಹೆಂಡತಿಗೆ ಮಾತಾಗಿತ್ತು, ಅದಕ್ಕೇ ಮಗ ಮನೆ ಕಡೆ ತಲೆ ಹಾಕಲಿಲ್ಲ ಎಂದು ಅತ್ತೆಯ ಮಾತು. ಕೋಲಾರದ ಗಣಿಯ ಕಡೆ ಯಾರನ್ನೋ ಇಟ್ಟುಕೊಂಡಿದ್ದಾನೆ ಎಂದು ಊರವರ ಮಾತು. ಈಗ ಅಣ್ಣನ ಮನೆಯ ದನದ ಕೊಟ್ಟಿಗೆಯ ಪಕ್ಕ ಇದ್ದಾಳೆ.

"ಪುಸ್ತಕ ನೋಡಿದ್ರಾ ಅಣ್ಣ?"

"ಹುಡುಕಿಸ್ತಿದೀವಮ್ಮ. ಸ್ವಲ್ಪ ತಡಿ."

ಎದ್ದು ಹೋಗುವಾಗ ಕೈ ಮುಗಿದಳು. ಸೀಬೆಹಣ್ಣು ನನಗೆ ಸೇರಲಿಲ್ಲ. ಗಂಗರತ್ನಮ್ಮ ನನ್ನನ್ನೇ ನೋಡುತ್ತಿದ್ದಳು.

2 ಆಗಸ್ಟ್, ಭಾನುವಾರ

ಮತ್ತೆ ಬಂದಿದ್ದಳು. ನಾನು ಹಿಂದಿನ ಬಾಗಿಲಿಂದ ದ್ರಾಕ್ಷಿ ತೋಟಕ್ಕೆ ಹೋಗಿಬಿಟ್ಟೆ. ಚಪ್ಪರದ ಕೆಳಗೆ ಕೂತಿದ್ದೆ, ಅವಳು ರಸ್ತೆ ದಾಟುವವರೆಗೆ. ನಲವತ್ತು ವರ್ಷದ ಗಂಡಸು.

16 ಸೆಪ್ಟೆಂಬರ್, ಬುಧವಾರ. ಸಂಜೆ 6

ಇವತ್ತಿನದನ್ನು ಇದ್ದ ಹಾಗೇ ಬರೆಯಬೇಕು.

ವರದಿ ಸಭೆಯ ಮುಂದೆ ಬಂತು. ನರಸಿಂಹಯ್ಯನವರು ಫೈಲು ಹೊರಲು ನನ್ನನ್ನು ಕರೆದುಕೊಂಡು ಹೋಗಿದ್ದರು. ಅಧಿಕಾರಿಗಳು ಕೂರುವ ಜಾಗದ ಹಿಂದೆ ನಾವು. ವಿಧಾನಸೌಧದ ಒಳಗೆ ಮೊದಲ ಸಲ ಕಾಲಿಟ್ಟಿದ್ದೆ. ಕಂಬಗಳನ್ನು ನೋಡಲೂ ಮನಸ್ಸಿಲ್ಲ.

ವಿರೋಧ ಪಕ್ಷದ ಸದಸ್ಯರೊಬ್ಬರು ಎದ್ದರು. ವಯಸ್ಸಾದವರು. ನಮ್ಮ ಪುಸ್ತಕ ಕೈಯಲ್ಲಿತ್ತು. ನಿಜವಾಗಿ ಓದಿದ್ದರು — ಹಾಳೆಗಳ ಮಧ್ಯೆ ಚೀಟಿ ಇಟ್ಟಿದ್ದರು. ತೋಪಿನ ಜೈಲಿನಲ್ಲಿ ಎಷ್ಟು ಸಾವು ಎಂದರು. ನಾಲ್ಕು, ಹೋದ ವರ್ಷಕ್ಕಿಂತ ಕಡಿಮೆ ಎಂದು ಮಂತ್ರಿಗಳ ಉತ್ತರ ಬಂತು. ಆಮೇಲೆ ಅವರು ಕೇಳಿದರು, "ಅನಾರೋಗ್ಯದ ನಿಮಿತ್ತ ಬಿಡುಗಡೆಯಾದ ಮೂವರು ಈಗ ಹೇಗಿದ್ದಾರೆ, ಎಲ್ಲಿದ್ದಾರೆ?"

ಮುಂದಿನ ಸಾಲಿನ ದೊಡ್ಡ ಅಧಿಕಾರಿ ಹಿಂದೆ ತಿರುಗಿದರು. ನರಸಿಂಹಯ್ಯನವರು ಫೈಲು ಮಗುಚುತ್ತಿದ್ದರು. ಅಧಿಕಾರಿ ನನ್ನನ್ನು ನೋಡಿದರು. "ಏಯ್, ವರದಿ ಬರೆದವನು ನೀನಲ್ಲವಾ? ಬೇಗ ಹೇಳು. ಎಲ್ಲಿದ್ದಾರೆ?"

ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನಿಜವಾಗಿಯೇ ಕೇಳುತ್ತಿದ್ದಂತೆ ಕಂಡರು.

"ಮನೇಗೆ ಹೋಗಿದ್ದಾರೆ ಸಾರ್."

ಅಧಿಕಾರಿ ಚೀಟಿ ಬರೆದರು. ಚೀಟಿ ಮುಂದೆ ಹೋಯಿತು. ಅವರವರ ಮನೆಯಲ್ಲಿದ್ದಾರೆ ಎಂದು ಸಭೆಗೆ ಉತ್ತರ ಹೋಯಿತು. ಆ ಮುದುಕರು "ಸಂತೋಷ" ಎಂದು ಕೂತರು. ಮುಂದಿನ ಪ್ರಶ್ನೆ ಯಾವುದೋ ಸೇತುವೆಯದು.

ಇಡೀ ರಾಜ್ಯದಲ್ಲಿ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿದ್ದವನನ್ನೇ ಕೇಳಿದರು. ನಾನು...

23 ಅಕ್ಟೋಬರ್, ಶುಕ್ರವಾರ

ತಿಂಗಳಿಂದ ಬರೆದಿಲ್ಲ. ಊಟ ಸೇರುತ್ತಿಲ್ಲ. ಗಂಗರತ್ನಮ್ಮ ಇವತ್ತು ಆಫೀಸಿಗೆ ಹೊರಡುವಾಗ ಸೈಕಲ್ ಹಿಡಿದು ನಿಲ್ಲಿಸಿಬಿಟ್ಟಳು.

"ಆ ದ್ರೌಪದಮ್ಮನ ಗಂಡ ಇದಾನಾ, ಇಲ್ವಾ?"

ಇಲ್ಲ ಎಂದೆ. ಎಲ್ಲ ಹೇಳಿದೆ. ಅಂಗಳದಲ್ಲೇ ನಿಂತು. ಒಲೆಗೆ ಹಾಕಿದ ಪಟ್ಟಿಯನ್ನೂ ಹೇಳಿದೆ, ಸಭೆಯಲ್ಲಿ ಹೇಳಿದ್ದನ್ನೂ.

ಬೈಯುತ್ತಾಳೆ ಎಂದುಕೊಂಡಿದ್ದೆ. ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. "ಅವ್ಳು ಬಂದಾಗೆಲ್ಲ ನಾನು ಕುಂಕುಮ ಕೊಟ್ಟು ಕಳಿಸ್ತಿದ್ನಲ್ರೀ. ನನ್ ಕೈಲೂ ಮಾಡ್ಸಿದ್ರಲ್ಲ."

ಆಮೇಲೆ ಎದ್ದು ಮುಖ ತೊಳೆದುಕೊಂಡು ಹೇಳಿದಳು. "ದೀಪಾವಳಿ ಆದ ಮೂರ್ನೇ ದಿನ ಅಂದ್ರಲ್ಲ. ಅಂದ್ರೆ ಇನ್ನು ಹತ್ತು ಹನ್ನೊಂದು ದಿನಕ್ಕೆ ವರ್ಷ. ಅವ್ನಿಗೆ ಒಂದು ಎಡೆ ಇಡೋರಿಲ್ಲ. ಭಾನುವಾರ ಹೋಗೋಣ. ನೀವು ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ."

25 ಅಕ್ಟೋಬರ್, ಭಾನುವಾರ

ಹೋದೆವು. ದ್ರೌಪದಮ್ಮ ಕೊಟ್ಟಿಗೆ ಬಳಿಯುತ್ತಿದ್ದಳು. ನಮ್ಮನ್ನು ಕಂಡು ಸಗಣಿ ಕೈಯಲ್ಲೇ ಓಡಿ ಬಂದಳು. "ಸಿಕ್ಕುದ್ರಾ ಅಣ್ಣ?"

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ. "ಇಲ್ಲಮ್ಮ. ತೀರ್ಕೊಂಡ. ಜೈಲಲ್ಲೇ. ಹೋದ ವರ್ಷ ದೀಪಾವಳಿ ಆಗಿ ಮೂರನೇ ದಿನ. ಬಿಡುಗಡೆ ಅಂತ ಬರೆದದ್ದು ಸುಳ್ಳು. ಬರೆದದ್ದು ನಾನೇ."

ಅಳಲಿಲ್ಲ. ಕೈಯಲ್ಲಿದ್ದ ಸಗಣಿಯನ್ನು ಗೋಡೆಗೆ ಒರೆಸುತ್ತಾ ನಿಂತಳು. ಒರೆಸಿದ್ದನ್ನೇ ಒರೆಸಿದಳು.

"ಯುಗಾದೀಲಿ ನಾನ್ ಕೇಳ್ದಾಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ದಿನಾ ಬೈದೆ." ನನಗಲ್ಲ, ಗಂಗರತ್ನಮ್ಮನ ಕಡೆ ತಿರುಗಿ ಹೇಳಿದಳು. "ಅಕ್ಕಾ, ದಿನಾ ಬೈದೆ ಅವ್ರನ್ನ. ದೀಪ ಅಚ್ಚೋವಾಗ ಬೈದೆ. ಯಾವಳ್ ಮನೆ ಸೇರ್ಕಂಡ್ಯೋ, ನಿನ್ ಕಾಲು ಮುರಿಯ, ಮಣ್ಣಾಗೋಗು ಅಂತ ಬೈದೆ. ಮಣ್ಣಾಗೇ ಅವ್ರಲ್ಲಕ್ಕಾ..."

ಆಗ ಕುಸಿದಳು. ಗಂಗರತ್ನಮ್ಮ ಹಿಡಿದುಕೊಂಡಳು. ನಾನು ಅಂಗಳದಲ್ಲಿ ನಿಂತಿದ್ದೆ. ಮನ್ಸೂರ್ ಹೇಳಿದ್ದು ನೆನಪಾಗಿ ಹೇಳಿದೆ — ಬರಬೇಕು ಅಂತಲೇ ಇದ್ದ ಅಂತೆ, ಮನೆಗೆ ಹೇಳಿ ಅಂದನಂತೆ. ಐದು ತಿಂಗಳು ನನ್ನ ಹತ್ತಿರ ಇಟ್ಟುಕೊಂಡಿದ್ದ ಮಾತು. ಅದನ್ನು ಎರಡು ಸಲ ಹೇಳಿಸಿಕೊಂಡಳು.

ಹೊರಡುವಾಗ ಕರೆದಳು. "ಅಣ್ಣಾ, ನಾನ್ ಯೋಳಿದ್ರೆ ಯಾರೂ ನಂಬಲ್ಲ. ನಿಮ್ ಪುಸ್ತಕ ಬ್ಯಾರೆ ಯೋಳ್ತದಲ್ಲ. ಬರ್ಕೊಡಿ."

28 ಅಕ್ಟೋಬರ್. ಬೆಳಿಗ್ಗೆ 5

ಬರೆದೆ. ಅರ್ಧ ಹಾಳೆ. ಮೂರು ಹೆಸರು, ಏಳು ಸಾವು, ತಾರೀಖು, ನನ್ನ ಹುದ್ದೆ, ಸಹಿ. ಇಷ್ಟಕ್ಕೆ ಎಂಟು ತಿಂಗಳು.

3 ನವೆಂಬರ್, ಮಂಗಳವಾರ

ರಜಾ ಹಾಕಿ ಕೋಗಿಲಿಗೆ. ಊರಿನವರು ಹತ್ತಿಪ್ಪತ್ತು ಜನ ಸೇರಿದ್ದರು. ಸೊಣ್ಣಪ್ಪನ ತಾಯಿ ಪಟಾಲಮ್ಮನೂ ಬಂದಿದ್ದರು. ಕಾಗದ ಓದು ಎಂದರು. ಓದಿದೆ. ಪಟಾಲಮ್ಮ ನನ್ನ ಮುಖಕ್ಕೆ ಉಗಿದರು. ಆಮೇಲೆ ಸೊಸೆಯ ಪಕ್ಕ ಹೋಗಿ ಕೂತರು.

ಎಡೆ ಇಟ್ಟರು. ಮುದ್ದೆ, ಸೊಪ್ಪಿನ ಸಾರು. ಊಟಕ್ಕೆ ಏಳಿ ಎಂದು ನನಗೂ ಹೇಳಿದರು ಯಾರೋ. ಹೇಗೆ ಕೂರಲಿ?

ದ್ರೌಪದಮ್ಮನ ಅಣ್ಣ ಕಾಗದವನ್ನು ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಸದಸ್ಯರಿಗೆ ಕೊಡುತ್ತೇನೆ ಎಂದ. ಕೊಡಪ್ಪ ಎಂದೆ.

24 ನವೆಂಬರ್

ಸಸ್ಪೆಂಡ್. ಸರ್ಕಾರದ ಗುಟ್ಟು ಹೊರಗೆ ಬಿಟ್ಟದ್ದಕ್ಕೆ. ಸುಳ್ಳು ಬರೆದದ್ದಕ್ಕಲ್ಲ.

ಸದಸ್ಯರು ಪತ್ರ ಬರೆದಿದ್ದಾರಂತೆ. ಅಚ್ಚಾದ ವರದಿ ತಿದ್ದುವ ಪದ್ಧತಿ ಇಲ್ಲ, ಮುಂದಿನ ವರ್ಷದ ವರದಿಯಲ್ಲಿ ಒಂದು ಟಿಪ್ಪಣಿ ಸೇರಿಸುವುದನ್ನು ಪರಿಶೀಲಿಸಲಾಗುವುದು ಎಂದು ಅವರಿಗೆ ಉತ್ತರ ಹೋಗಿದೆ. ಪರಿಶೀಲಿಸಲಾಗುವುದು — ಈ ಪದವನ್ನು ನಾನೇ ಎಷ್ಟು ಸಲ ಬರೆದಿಲ್ಲ.

29 ನವೆಂಬರ್, ಭಾನುವಾರ

ನರಸಿಂಹಯ್ಯನವರು ಮನೆಗೆ ಬಂದಿದ್ದರು. ಹೆಬ್ಬಾಳದಲ್ಲಿ ಬಸ್ಸಿಳಿದು ನಡೆದು ಬಂದಿದ್ದರು, ಚಪ್ಪಲಿಯ ಬಾರು ಕಿತ್ತಿತ್ತು. ಜಗಲಿಯಲ್ಲಿ ಕೂತರು. ನೀರು ಕುಡಿದರು.

"ನನ್ನ ಹೆಸರು ಕಾಗದದಲ್ಲಿ ಬರೀಲಿಲ್ಲವಲ್ಲಯ್ಯ, ಯಾಕೆ?"

"ಬರೆದದ್ದು ನಾನಲ್ವಾ ಸಾರ್."

"ಪೆನ್ಸಿಲ್ ಹಿಡಿದದ್ದು ನಾನು." ಬಾರಿಗೆ ಗಂಗರತ್ನಮ್ಮ ಒಂದು ಪಿನ್ನು ಹಾಕಿಕೊಟ್ಟಳು. ಹೋದರು.

13 ಡಿಸೆಂಬರ್, ಭಾನುವಾರ

ದ್ರೌಪದಮ್ಮ ಜಾಗ ತೋರಿಸಿ ಎಂದಿದ್ದಳು. ಮನ್ಸೂರ್ ಧೈರ್ಯ ಮಾಡಿ ಬಂದ. ಜೈಲಿನ ಗೋಡೆಯ ಹೊರಗೆ, ತೋಪಿನ ಹಿಂದೆ. ಏಳು ದಿಬ್ಬ. ಹುಲ್ಲು ಬೆಳೆದಿದೆ. ಗುರುತು ಕಲ್ಲು ಯಾವುದಕ್ಕೂ ಇಲ್ಲ.

ಯಾವುದು ಎಂದಳು. ಮನ್ಸೂರ್ ಸುಮಾರು ಹೊತ್ತು ನೋಡಿದ. "ತಾಯಿ, ಸುಳ್ಳು ಹೇಳಲ್ಲ. ಆ ಮೂರ್ನಾಲ್ಕು ದಿನ ಒಂದರ ಹಿಂದೆ ಒಂದು... ನಂಗೆ ಗೊತ್ತಾಗ್ತಿಲ್ಲ."

ತಂದಿದ್ದ ಹೂವನ್ನು ಏಳು ಪಾಲು ಮಾಡಿದಳು. ಒಂದೊಂದಕ್ಕೂ ಇಟ್ಟಳು. ಏಳನೆಯದರ ಹತ್ತಿರ ಬಗ್ಗಿದ್ದವಳು ತಲೆ ಎತ್ತಿ ಕೇಳಿದಳು.

"ಅಣ್ಣಾ, ಬಿಡುಗಡೆ ಅಂತ ಬರ್ದಿದ್ದು ಮೂರ್ ಜನಕ್ಕಲ್ವಾ? ಆ ಇನ್ನಿಬ್ರ ಮನೇಗೆ ಯೋಳಿದೀರಾ?"

ಗಂಗರತ್ನಮ್ಮ ನನ್ನ ಮುಖ ನೋಡಿದಳು. ಮನ್ಸೂರ್ ನೋಡಿದ.

ಹೇಳಿಲ್ಲ. ಹೊಳೆದೇ ಇರಲಿಲ್ಲ. ಅವಳು ಬಂದು ಬಾಗಿಲಲ್ಲಿ ನಿಂತಳು, ಅದಕ್ಕೆ ಅವಳೊಬ್ಬಳು ಕಣ್ಣಿಗೆ ಬಿದ್ದಳು. ಬಾಗಿಲಿಗೆ ಬರದವರು...

"ಅವ್ರ ಮನೇವ್ರೂ ಬೈತಾ ಕೂತವ್ರೇನೋ" ಎಂದಳು.

14 ಡಿಸೆಂಬರ್, ಸೋಮವಾರ. ಸಂಜೆ

ಪಟ್ಟಿ ಇಲ್ಲ, ಸುಟ್ಟೆ. ದೊಡ್ಡಮುನಿಯಪ್ಪನದು ದೊಡ್ಡಬಳ್ಳಾಪುರ ತಾಲ್ಲೂಕು ಎಂದು ಮಾತ್ರ ನೆನಪು. ಊರು ರಾಜಾನುಕುಂಟೆ ಸ್ಟೇಷನ್ನಿಂದ ನಡೆಯುವಷ್ಟು ದೂರ ಎಂದು ಅವನೇ ಹೇಳುತ್ತಿದ್ದನಂತೆ, ಮನ್ಸೂರ್‌ಗೆ ನೆನಪಿದೆ. ದಾಸಪ್ಪನದು ಹೊಸಕೋಟೆ ಕಡೆ. ಅಷ್ಟೇ. ಕೇಳುತ್ತಾ ಹೋಗಬೇಕು. ಸಸ್ಪೆಂಡ್ ಆದವನಿಗೆ ಹೊತ್ತಿಗೇನು ಬರ.

ನಾಳೆ ಬೆಳಿಗ್ಗೆ ಯಲಹಂಕದಿಂದ ಗಾಡಿ. ದ್ರೌಪದಮ್ಮ ತಾನೂ ಬರುತ್ತೇನೆ ಎಂದಿದ್ದಾಳೆ. "ನೀವು ಒಬ್ರೇ ಓದ್ರೆ ಒಡೀತಾರೆ" ಎಂದಳು. ನಗಲಿಲ್ಲ.

ಬಾಗಿಲು ತೆಗೆದವರಿಗೆ ಏನು ಹೇಳುವುದು? ಈ ಸಲ ತಡವರಿಸಬಾರದು. ಬರೆದಿಟ್ಟುಕೊಳ್ಳುತ್ತೇನೆ. ಮೊದಲು ನನ್ನ ಹೆಸರು. ಆಮೇಲೆ ಅವನು ಸತ್ತ ದಿನ. ಆಮೇಲೆ...